ಬೈಂಡಿಂಗ್ ಅಂಗಡಿಯ ಹುಡುಗ: ಮೈಕೆಲ್ ಫ್ಯಾರಡೆ ಕಲಿತ ಬಗೆ

(ನಮ್ಮ ಊರಿನ ಗ್ರಂಥಾಲಯದಲ್ಲಿ ಹೈಸ್ಕೂಲು ಮಕ್ಕಳು ಮತ್ತು ಅವರ ಮನೆಯವರ ಎದುರು ಆಡಿದ ಮಾತಿನ ಬರಹ ರೂಪ. ಅವತ್ತು ಹೊತ್ತಾಗಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ದೊಡ್ಡ ಹಾಳೆ ನೋಡಿ. ಒಂದು ಸಲ ಮಡಿಸಿದೆ. ತಿರುಗಿಸಿ ಇನ್ನೊಂದು ಸಲ. ಮತ್ತೂ ಒಂದು ಸಲ. ಈಗ ಎಣಿಸಿ. ಎಂಟು ಎಲೆ, ಹದಿನಾರು ಪುಟ. ಪ್ರೆಸ್ಸಿನವರು ಇದನ್ನು ಒಂದು ಫಾರಂ ಅನ್ನುತ್ತಾರೆ. ಇಂಥ ಹತ್ತಿಪ್ಪತ್ತು ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ದಾರ ಹೊಲಿದು, ಅಂಟು ಬಳಿದು, ರಟ್ಟು ಹಾಕಿದರೆ ಪುಸ್ತಕ.

ನಾನು ಚಿಕ್ಕವನಿದ್ದಾಗ ಪರೀಕ್ಷೆ ಮುಗಿದ ಮೇಲೆ ಅಪ್ಪ ನಮ್ಮ ಹಳೆ ಪಠ್ಯಪುಸ್ತಕಗಳನ್ನು ಬಸ್ ಸ್ಟ್ಯಾಂಡ್ ಹತ್ತಿರದ ಬೈಂಡಿಂಗ್ ಅಂಗಡಿಗೆ ಕೊಡುತ್ತಿದ್ದರು. ಮುಂದಿನ ವರ್ಷ ತಮ್ಮನಿಗೆ ಬೇಕಲ್ಲ. ಆ ಅಂಗಡಿಯ ಅಜ್ಜನ ಬೆರಳ ತುದಿಯಲ್ಲಿ ಯಾವಾಗಲೂ ಮೈದಾ ಅಂಟು ಒಣಗಿ ಬೆಳ್ಳಗಾಗಿರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಬಿಡಿ ಹಾಳೆಗಳನ್ನು ಓದಲು ಶುರು ಮಾಡಿದರೆ ಅವರು ಹೇಳುತ್ತಿದ್ದರು: "ಮಗಾ, ಪುಟದ ನಂಬರ್ ಮಾತ್ರ ನೋಡಬೇಕು. ಓದಕ್ಕೆ ಕೂತರೆ ಕೆಲಸ ನಿಂತೋಗುತ್ತೆ." ಅವರು ಹೇಳಿದ್ದು ಸರಿಯೇ. ಹೊಟ್ಟೆಪಾಡಿನ ಕೆಲಸ. ದಿನಕ್ಕೆ ಇಷ್ಟು ಪುಸ್ತಕ ಅಂತ ಲೆಕ್ಕ.

ಆದರೆ ಇನ್ನೂರು ವರ್ಷದ ಹಿಂದೆ ಲಂಡನ್ನಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ ಒಬ್ಬ ಹುಡುಗ ಓದುತ್ತಲೇ ಕೂತ. ಅವನ ಯಜಮಾನ ಬೇಡ ಅನ್ನಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಆ ಹುಡುಗನ ವಿಷಯ.

ಅವನ ಹೆಸರು ಮೈಕೆಲ್ ಫ್ಯಾರಡೆ. ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ಆಡಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ತೋರಿಸಿದವನು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಿರುಗಿದ ಜನರೇಟರುಗಳು ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದು ಅದೇ ತತ್ವದಿಂದ. ಇದೆಲ್ಲ ನಿಮ್ಮ ಪುಸ್ತಕದಲ್ಲಿದೆ, ನಿಮ್ಮ ಮೇಷ್ಟ್ರು ಚೆನ್ನಾಗಿ ಹೇಳಿಕೊಡುತ್ತಾರೆ. ನಾನು ಅವನ ಇಪ್ಪತ್ತೊಂದನೇ ವಯಸ್ಸಿಗೇ ನಿಲ್ಲಿಸುತ್ತೇನೆ. ಹುಡುಗನ ಕಥೆಯಾದ್ದರಿಂದ ಏಕವಚನದಲ್ಲೇ ಕರೆಯುತ್ತೇನೆ.

ಹುಟ್ಟಿದ್ದು 1791ರ ಸೆಪ್ಟೆಂಬರ್ 22, ಲಂಡನ್ನಿನ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಇಂಗ್ಲೆಂಡಿನ ಉತ್ತರದ ಔತ್‌ಗಿಲ್ ಅನ್ನುವ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದವರು. ಅಮ್ಮ ಮಾರ್ಗರೆಟ್. ಮೈಕೆಲ್‌ಗೆ ಒಬ್ಬ ಅಕ್ಕ, ಒಬ್ಬ ಅಣ್ಣ ರಾಬರ್ಟ್, ಆಮೇಲೆ ಹುಟ್ಟಿದ ಒಬ್ಬ ತಂಗಿ. ಇವನಿಗೆ ಐದು ವರ್ಷ ಆಗುವ ಹೊತ್ತಿಗೆ ಮನೆ ಜೇಕಬ್ಸ್ ವೆಲ್ ಮ್ಯೂಸ್ ಎಂಬ ಓಣಿಗೆ ಬಂತು. ಮನೆ ಅಂದರೆ, ಕೆಳಗೆ ಸಾರೋಟು ನಿಲ್ಲಿಸುವ ಕೊಟ್ಟಿಗೆ, ಅದರ ಮೇಲೆ ಇವರ ಕೋಣೆಗಳು. ಅಪ್ಪನಿಗೆ ಆರೋಗ್ಯ ಸರಿ ಇರಲಿಲ್ಲ. ಕುಲುಮೆಯ ಮುಂದೆ ಇಡೀ ದಿನ ನಿಲ್ಲಲು ಆಗುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿತು. ಆಗ ಮೈಕೆಲ್ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು ಸಿಗುತ್ತಿತ್ತು ಎಂದು ಅವನ ಜೀವನ ಬರೆದವರು ಹೇಳುತ್ತಾರೆ. ಒಂಬತ್ತು ವರ್ಷದ ಹುಡುಗ. ಒಂದೇ ಬ್ರೆಡ್ಡನ್ನು ಏಳು ದಿನಕ್ಕೆ ಬರುವ ಹಾಗೆ ನೋಡಿಕೊಳ್ಳಬೇಕು. ಮಕ್ಕಳು ಸೋಮವಾರವೇ ಎಲ್ಲ ತಿಂದುಬಿಡುವುದು ಸಹಜ, ಅಲ್ವಾ?

ಶಾಲೆಯ ವಿಷಯ ಜಾಸ್ತಿ ಇಲ್ಲ. ಅವನೇ ಹೇಳಿಕೊಂಡಿದ್ದಾನೆ: "ನನ್ನ ವಿದ್ಯಾಭ್ಯಾಸ ತೀರಾ ಸಾಮಾನ್ಯದ್ದು. ಓದು, ಬರಹ, ಲೆಕ್ಕದ ಮೊದಲ ಪಾಠ ಬಿಟ್ಟರೆ ಹೆಚ್ಚೇನೂ ಇಲ್ಲ. ಶಾಲೆ ಬಿಟ್ಟ ಮೇಲಿನ ಹೊತ್ತು ಮನೆಯಲ್ಲಿ, ಬೀದಿಯಲ್ಲಿ ಕಳೆಯಿತು." ಬೀದಿಯಲ್ಲಿ ಏನು ಮಾಡುತ್ತಿದ್ದ? ಸ್ಪ್ಯಾನಿಷ್ ಪ್ಲೇಸ್ ಎಂಬ ರಸ್ತೆಯಲ್ಲಿ ಗೋಲಿ ಆಡುತ್ತಿದ್ದ. ಮ್ಯಾಂಚೆಸ್ಟರ್ ಚೌಕದಲ್ಲಿ ಪುಟ್ಟ ತಂಗಿಯನ್ನು ಆಡಿಸುತ್ತಿದ್ದ. ನಮ್ಮ ಕಡೆ ದೊಡ್ಡ ಮಕ್ಕಳು ಸೊಂಟದ ಮೇಲೆ ಚಿಕ್ಕವರನ್ನು ಹೊತ್ತುಕೊಂಡೇ ಆಟ ಆಡುವುದಿಲ್ಲವೇ, ಹಾಗೆ.

ಶಾಲೆಯ ಒಂದು ಪ್ರಸಂಗ ಮಾತ್ರ ಹೇಳಬೇಕು. ಮೈಕೆಲ್‌ಗೆ 'ರ' ಅಕ್ಷರ ನಾಲಿಗೆಗೆ ಸಿಗುತ್ತಿರಲಿಲ್ಲವಂತೆ. ಅಣ್ಣನ ಹೆಸರು ರಾಬರ್ಟ್. ಇವನ ಬಾಯಲ್ಲಿ ಅದು 'ವಾಬರ್ಟ್'. ಟೀಚರಿಗೆ ಸಿಟ್ಟು ಬಂತು. ಇವನಿಗೆ ಹೊಡೆದು ಸರಿಮಾಡುತ್ತೇನೆ ಎಂದು ಅಣ್ಣನ ಕೈಗೇ ಅರ್ಧ ಪೆನ್ನಿ ಕೊಟ್ಟು, ಹೋಗಿ ಬೆತ್ತ ತಗೊಂಡು ಬಾ ಎಂದರಂತೆ. ರಾಬರ್ಟ್ ಆ ಕಾಸನ್ನು ಗೋಡೆಯಾಚೆ ಎಸೆದು ನೇರ ಮನೆಗೆ ಓಡಿದ. ಅಮ್ಮ ಬಂದು ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿದರು. ಈ ಅಣ್ಣನನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

1804. ಮೈಕೆಲ್‌ಗೆ ಹದಿಮೂರು. ಮನೆಯಿಂದ ಕೂಗಳತೆಯಲ್ಲಿ, ಬ್ಲ್ಯಾಂಡ್‌ಫರ್ಡ್ ರಸ್ತೆಯ 2ನೇ ನಂಬರಿನಲ್ಲಿ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿ ಇತ್ತು. ಪುಸ್ತಕ ಮಾರುವುದು, ಬೈಂಡ್ ಮಾಡುವುದು, ಪೇಪರ್ ಬಾಡಿಗೆಗೆ ಕೊಡುವುದು, ಮೂರೂ ಅಲ್ಲಿ ನಡೆಯುತ್ತಿತ್ತು. ಆಗ ಪೇಪರ್ ದುಬಾರಿ. ಒಂದೇ ಪೇಪರನ್ನು ನಾಲ್ಕಾರು ಮನೆಯವರು ಸರದಿಯ ಮೇಲೆ ಓದುತ್ತಿದ್ದರು. ಅದನ್ನು ಒಂದು ಮನೆಗೆ ಕೊಟ್ಟು, ಕಾದು ವಾಪಸ್ ತಂದು, ಮುಂದಿನ ಮನೆಗೆ ಮುಟ್ಟಿಸುವುದು ಹುಡುಗನ ಕೆಲಸ. ಭಾನುವಾರವೂ ರಜೆ ಇಲ್ಲ. ಫ್ಯಾರಡೆ ಮನೆಯವರು ಸ್ಯಾಂಡೆಮೇನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಗಡದವರು. ಭಾನುವಾರ ಬೆಳಗ್ಗೆ ಎಲ್ಲರೂ ಒಟ್ಟಿಗೆ ಪ್ರಾರ್ಥನೆಗೆ ಹೋಗಲೇಬೇಕು. ಹುಡುಗ ಬೇಗ ಎದ್ದು ಓಡುತ್ತಿದ್ದ. ಯಾರಾದರೂ "ಇನ್ನೂ ಓದಿ ಆಗಿಲ್ಲ, ಆಮೇಲೆ ಬಾ" ಎಂದರೆ ಗೋಗರೆಯುತ್ತಿದ್ದ. "ಮುಂದಿನ ಮನೆ ಒಂದು ಮೈಲಿ ದೂರ. ಮತ್ತೆ ಇಲ್ಲಿಗೆ ಬಂದು ಹೋಗುವುದಾದರೆ ನಾನು ಕೈಕಾಲು ತೊಳೆದು ಅಪ್ಪ ಅಮ್ಮನ ಜೊತೆ ಪ್ರಾರ್ಥನೆಗೆ ಹೋಗಲು ಆಗುವುದಿಲ್ಲ" ಎಂದು ಕೇಳಿಕೊಳ್ಳುತ್ತಿದ್ದನಂತೆ. ದೊಡ್ಡವನಾದ ಮೇಲೂ ಪೇಪರ್ ಹಾಕುವ ಹುಡುಗರನ್ನು ಕಂಡರೆ ಅವನ ಮನಸ್ಸು ಕರಗುತ್ತಿತ್ತು. ನಾನೂ ಒಂದು ಕಾಲದಲ್ಲಿ ಪೇಪರ್ ಹೊತ್ತವನು, ಅನ್ನುತ್ತಿದ್ದ.

ಈ ಓಡಾಟದ ದಿನಗಳ ಒಂದು ಚಿತ್ರ ನನಗೆ ತುಂಬಾ ಇಷ್ಟ. ಒಂದು ದೊಡ್ಡ ಮನೆಯ ಬಾಗಿಲು ತಟ್ಟಿ ನಿಂತಿದ್ದಾನೆ. ಆ ಮನೆಗೂ ಪಕ್ಕದ ಮನೆಗೂ ನಡುವೆ ಕಬ್ಬಿಣದ ಕಂಬಿಗಳ ಬೇಲಿ. ಹೊತ್ತು ಹೋಗಬೇಕಲ್ಲ. ಕಂಬಿಗಳ ನಡುವೆ ತಲೆ ತೂರಿಸಿದ. ತಲೆ ಆ ಕಡೆ, ಮೈ ಈ ಕಡೆ. ಆಗ ಒಂದು ಪ್ರಶ್ನೆ ಹುಟ್ಟಿತು: ಈಗ ನಾನು ಯಾವ ಕಡೆ ಇದ್ದೇನೆ? ಅಷ್ಟರಲ್ಲಿ ಹಿಂದೆ ಬಾಗಿಲು ತೆರೆಯಿತು. ಗಾಬರಿಯಲ್ಲಿ ತಲೆ ಎಳೆದುಕೊಂಡ. ಮೂಗಿಗೆ ಪೆಟ್ಟು ಬಿದ್ದು ರಕ್ತ ಸುರಿಯಿತು. ಪ್ರಶ್ನೆ ಮರೆತೇ ಹೋಯಿತು. ಸುಮ್ನೆ ನಿಲ್ಲಬೇಕಾದ ಎರಡು ನಿಮಿಷದಲ್ಲೂ ಆ ತಲೆ ಏನೋ ಒಂದನ್ನು ಹಿಡಿದುಕೊಳ್ಳುತ್ತಿತ್ತು.

ಒಂದು ವರ್ಷ ಕಳೆಯಿತು. 1805ರ ಅಕ್ಟೋಬರ್ 7ರಂದು ರೀಬೋ ಅವನನ್ನು ಏಳು ವರ್ಷದ ಮಟ್ಟಿಗೆ ಬೈಂಡಿಂಗ್ ಕಲಿಯಲು ಸೇರಿಸಿಕೊಂಡರು. ಆ ಕಾಲದಲ್ಲಿ ಹೀಗೆ ಕಸುಬಿಗೆ ಸೇರಿಸಲು ಮನೆಯವರೇ ಯಜಮಾನನಿಗೆ ಹಣ ಕಟ್ಟಬೇಕಿತ್ತು. ಇವರ ಕರಾರು ಪತ್ರದಲ್ಲಿ ಮಾತ್ರ, ಹುಡುಗ ನಿಷ್ಠೆಯಿಂದ ಕೆಲಸ ಮಾಡಿದ್ದರಿಂದ ಹಣ ತೆಗೆದುಕೊಂಡಿಲ್ಲ ಎಂದು ಬರೆದಿದೆ. ಕಾಯಿಲೆಯ ಕಮ್ಮಾರನ ಮನೆಗೆ ಇದು ಸಣ್ಣ ಉಪಕಾರವಲ್ಲ. 1809ರಲ್ಲಿ ಅಪ್ಪ ಒಂದು ಕಾಗದದಲ್ಲಿ ಹೀಗೆ ಬರೆಯುತ್ತಾರೆ: ಮೈಕೆಲ್ ಕೆಲಸ ಕಲಿಯುವುದರಲ್ಲಿ ಚುರುಕು, ಯಜಮಾನ ಯಜಮಾನಿ ಇಬ್ಬರೂ ಒಳ್ಳೆಯವರು, ಮೊದಮೊದಲು ಕಷ್ಟವಾಯಿತು, ಈಗ ನೀರಿನ ಮೇಲೆ ತಲೆ ಎತ್ತಿದ್ದಾನೆ, ಅವನ ಕೈಕೆಳಗೇ ಇಬ್ಬರು ಹುಡುಗರಿದ್ದಾರೆ. ಮಗನ ಬಗ್ಗೆ ಒಬ್ಬ ಅಪ್ಪನಿಗಿರುವ ನೆಮ್ಮದಿ ಆ ಸಾಲುಗಳಲ್ಲಿ ಕಾಣುತ್ತದೆ. ಆ ಅಪ್ಪ ಮರುವರ್ಷವೇ ತೀರಿಕೊಂಡರು.

ಈಗ ಓದಿನ ವಿಷಯಕ್ಕೆ ಬರೋಣ. ಹಗಲು ಫಾರಂ ಮಡಿಸುವುದು, ಹೊಲಿಯುವುದು, ಚರ್ಮದ ಹೊದಿಕೆ ಹಾಕುವುದು. ಕೆಲಸ ಮುಗಿದ ಮೇಲೆ ಅದೇ ಪುಸ್ತಕ ಓದುವುದು. ಒಂದು ಸಲ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಎಂಬ ವಿಶ್ವಕೋಶದ ಸಂಪುಟ ರಟ್ಟಿಗೆ ಬಂತು. ಅದರಲ್ಲಿ ವಿದ್ಯುತ್ತಿನ ಬಗ್ಗೆ ನೂರಕ್ಕೂ ಹೆಚ್ಚು ಪುಟದ ಲೇಖನ. ಬರೆದವರು ಜೇಮ್ಸ್ ಟೈಟ್ಲರ್, ಬ್ರಿಟನ್ನಿನಲ್ಲಿ ಬಿಸಿಗಾಳಿಯ ಬಲೂನಿನಲ್ಲಿ ಮೊದಲು ಹಾರಿದ ಮನುಷ್ಯ. ಹುಡುಗನಿಗೆ ವಿದ್ಯುತ್ತಿನ ಹುಚ್ಚು ಹಿಡಿದದ್ದು ಅಲ್ಲಿಂದ.

ಇನ್ನೊಂದು ಪುಸ್ತಕ ಜೇನ್ ಮಾರ್ಸೆಟ್ ಎಂಬ ಹೆಂಗಸು ಬರೆದ 'ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ'. ಪುಸ್ತಕದ ಮೇಲೆ ಅವರ ಹೆಸರೇ ಇರಲಿಲ್ಲ. ಒಬ್ಬ ಟೀಚರು, ಇಬ್ಬರು ಹುಡುಗಿಯರು ಕೂತು ರಸಾಯನಶಾಸ್ತ್ರದ ಬಗ್ಗೆ ಮಾತಾಡುತ್ತಾರೆ, ಪ್ರಯೋಗ ಮಾಡುತ್ತಾರೆ. ಫ್ಯಾರಡೆ ಮುದುಕನಾದ ಮೇಲೆ ಆಕೆಯ ಬಗ್ಗೆ ಬರೆದದ್ದನ್ನು ಓದಿದರೆ ಮನಸ್ಸು ತುಂಬುತ್ತದೆ. ನನಗೆ ಕಲ್ಪನೆ ಜಾಸ್ತಿ ಇತ್ತು, ವಿಶ್ವಕೋಶವನ್ನು ನಂಬಿದಷ್ಟೇ ಸಲೀಸಾಗಿ ಅರೇಬಿಯನ್ ನೈಟ್ಸ್ ಕಥೆಗಳನ್ನೂ ನಂಬಬಲ್ಲವನಾಗಿದ್ದೆ, ಆದರೆ ನಿಜ ಸಂಗತಿ ನನಗೆ ಮುಖ್ಯವಾಗಿತ್ತು, ಅದೇ ನನ್ನನ್ನು ಕಾಪಾಡಿತು, ಎನ್ನುತ್ತಾನೆ. ಮಾರ್ಸೆಟ್ ಅವರ ಪುಸ್ತಕದಲ್ಲಿದ್ದ ಪ್ರಯೋಗಗಳನ್ನು ಕೈಲಾದಷ್ಟು ಮಾಡಿ ನೋಡಿದ. ಪುಸ್ತಕದಲ್ಲಿ ಬರೆದಂತೆಯೇ ಆಯಿತು. ಆಗ ಲಂಗರು ಸಿಕ್ಕಿದಂತಾಯಿತು, ಬಿಗಿಯಾಗಿ ಹಿಡಿದುಕೊಂಡೆ, ಎನ್ನುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಪುಸ್ತಕದಲ್ಲಿ ಇದೆ ಎಂದ ಮಾತ್ರಕ್ಕೆ ಅವನು ಒಪ್ಪಲಿಲ್ಲ. ಸಂಶಯಪಟ್ಟು ಪುಸ್ತಕ ಮುಚ್ಚಿಡಲೂ ಇಲ್ಲ. ಮಾಡಿ ನೋಡಿದ. ಅದಕ್ಕೆ ಕಾಸು ಬೇಕು. ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಎರಡು ಗಾಜಿನ ಜಾಡಿ ಕಂಡಿತ್ತು. ಚಿಕ್ಕದಕ್ಕೆ ಒಂದು ಪೆನ್ನಿ, ದೊಡ್ಡದಕ್ಕೆ ಆರು ಪೆನ್ನಿ. ಮೊದಲು ಚಿಕ್ಕದನ್ನು ತಂದ. ಅದರಲ್ಲಿ ವಿದ್ಯುತ್ ಕೂಡಿಡುವ ಲೇಡನ್ ಜಾಡಿ ಮಾಡಿದ. ಆರು ಪೆನ್ನಿ ಕೂಡಿದ ಮೇಲೆ ದೊಡ್ಡದನ್ನು ತಂದ. ಅದನ್ನು ತಿರುಗಿಸಿ ಉಜ್ಜಿದರೆ ಕಿಡಿ ಹಾರುವ ಯಂತ್ರ ಮಾಡಿಕೊಂಡ. ದೊಡ್ಡ ಜಾಡಿ ಬೇರೆಯವರ ಪಾಲಾಗದೆ ಇರಲಿ ಎಂದು ಆ ಹುಡುಗ ಎಷ್ಟು ಸಲ ಆ ಅಂಗಡಿಯ ಮುಂದೆ ಹಾದು ನೋಡಿರಬೇಕು ಎಂದು ನಾನು ಯೋಚಿಸುತ್ತಿರುತ್ತೇನೆ.

ಅದೇ ಸುಮಾರಿಗೆ ಇನ್ನೊಂದು ಪುಸ್ತಕ ಕೈಗೆ ಬಂತು. ಐಸಾಕ್ ವಾಟ್ಸ್ ಎಂಬ ಪಾದ್ರಿ, ಮನಸ್ಸನ್ನು ಹೇಗೆ ಬೆಳೆಸಿಕೊಳ್ಳಬೇಕು ಎಂಬುದರ ಮೇಲೆ ಬರೆದದ್ದು. ಅದರಲ್ಲಿರುವುದು ಸಾದಾ ಮಾತು. ಉಪನ್ಯಾಸ ಕೇಳು. ಕೇಳಿದ್ದನ್ನು ಬರೆದಿಡು. ನಿನ್ನಂತೆ ಕಲಿಯುವ ಆಸೆಯಿರುವ ಒಬ್ಬರ ಜೊತೆ ಪತ್ರ ಬರೆದುಕೋ. ಮಾತು ಗಾಳಿಯಲ್ಲಿ ತೇಲದೆ ನಿಖರವಾಗಿರಲಿ. ಇಂಥ ಬುದ್ಧಿಮಾತು ನಾವೆಲ್ಲ ಕೇಳಿರುತ್ತೇವೆ. ಈ ಹುಡುಗ ಅದನ್ನು ಒಂದೊಂದಾಗಿ ಮಾಡಿದ. 1809ರಲ್ಲಿ ಒಂದು ನೋಟ್‌ಬುಕ್ ಇಟ್ಟ. ಪೇಪರು, ಪತ್ರಿಕೆಗಳಲ್ಲಿ ಕಂಡ ವಿಜ್ಞಾನದ ಸುದ್ದಿಗಳನ್ನೆಲ್ಲ ಅದರಲ್ಲಿ ಬರೆದುಕೊಂಡ. ಬೈಂಡಿಂಗ್ ಅವನದೇ ಕಸುಬು, ನೋಟ್‌ಬುಕ್ಕಿಗೆ ಬರವಿಲ್ಲ.

1810ರ ಫೆಬ್ರುವರಿ. ಅಂಗಡಿ ಕಿಟಕಿಗಳಲ್ಲಿ ಒಂದು ಜಾಹೀರಾತು ಕಂಡಿತು. ಜಾನ್ ಟೇಟಮ್ ಎಂಬವರು ಫ್ಲೀಟ್ ಸ್ಟ್ರೀಟ್ ಹತ್ತಿರದ ಡಾರ್ಸೆಟ್ ರಸ್ತೆಯ ತಮ್ಮ ಮನೆಯಲ್ಲಿ ರಾತ್ರಿ ಎಂಟು ಗಂಟೆಗೆ ವಿಜ್ಞಾನದ ಉಪನ್ಯಾಸ ಕೊಡುತ್ತಾರೆ. ಒಂದು ಸಲಕ್ಕೆ ಒಂದು ಶಿಲ್ಲಿಂಗ್. ಹನ್ನೆರಡು ಪೆನ್ನಿ ಸೇರಿದರೆ ಒಂದು ಶಿಲ್ಲಿಂಗ್. ಆರು ಪೆನ್ನಿಯ ಜಾಡಿಗೆ ಕಾಸು ಕೂಡಿಟ್ಟ ಹುಡುಗ ಅಷ್ಟನ್ನು ಎಲ್ಲಿಂದ ತರುತ್ತಾನೆ? ಕೊಟ್ಟವನು ಅಣ್ಣ ರಾಬರ್ಟ್. ಬೆತ್ತದ ಕಾಸು ಎಸೆದು ಓಡಿದ್ದವನು. ಅವನೂ ಈಗ ಅಪ್ಪನಂತೆ ಕಮ್ಮಾರ. ಕಾದ ಕಬ್ಬಿಣ ಬಡಿದು ದುಡಿದ ಶಿಲ್ಲಿಂಗನ್ನು, ವಿದ್ಯುತ್ತಿನ ಬಗ್ಗೆ ಯಾರೋ ಆಡುವ ಮಾತು ಕೇಳಲು ತಮ್ಮನಿಗೆ ಕೊಟ್ಟ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಹೀಗೆ ಒಂದೂವರೆ ವರ್ಷದಲ್ಲಿ ಹನ್ನೆರಡು ಹದಿಮೂರು ಉಪನ್ಯಾಸ ಕೇಳಿದ.

ಅಲ್ಲಿ ಅವನು ಟಿಪ್ಪಣಿ ಬರೆದುಕೊಂಡ ಬಗೆಯನ್ನು ಅವನೇ ವಿವರಿಸಿದ್ದಾನೆ. ಮಕ್ಕಳೇ, ಇದನ್ನು ಗಮನವಿಟ್ಟು ಕೇಳಿ. ಹೋಗುವಾಗ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡು ಹೋಗುತ್ತಿದ್ದ. ಮುಂದಿನ ಸಾಲಿನಲ್ಲೇ ಜಾಗ ಹಿಡಿಯುತ್ತಿದ್ದ. ಮುಂದೆ ಡೆಸ್ಕ್ ಇಲ್ಲ. ತಲೆಯ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟು, ಟೋಪಿಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದ. ಎಲ್ಲವನ್ನೂ ಬರೆಯುತ್ತಿರಲಿಲ್ಲ. ಮುಖ್ಯವಾದ ಪದ, ಚಿಕ್ಕ ವಾಕ್ಯ, ಪ್ರಯೋಗದ ಹೆಸರು, ಅದರಲ್ಲಿ ಬಳಸಿದ ವಸ್ತುಗಳ ಹೆಸರು, ಆಮೇಲೆ ನೆನಪು ತಂದುಕೊಡುವ ಸುಳಿವುಗಳು. ಉಪನ್ಯಾಸ ಮುಗಿದ ತಕ್ಷಣ ನೇರ ಮನೆಗೆ. ಆ ರಾತ್ರಿ ಮತ್ತು ಮರುರಾತ್ರಿ ಕೂತು, ಆ ಸುಳಿವುಗಳಿಂದ ಎರಡನೇ ಟಿಪ್ಪಣಿ ಬರೆಯುತ್ತಿದ್ದ. ಅದು ಮೊದಲನೆಯದಕ್ಕಿಂತ ದೊಡ್ಡದು, ಒಂದಕ್ಕೊಂದು ಹೊಂದಿಕೆಯಾಗಿರುವುದು, ಓದಲು ಬರುವಂಥದ್ದು. ಅದನ್ನಿಟ್ಟುಕೊಂಡು ಇಡೀ ಉಪನ್ಯಾಸವನ್ನು ತನ್ನ ಮಾತಿನಲ್ಲಿ ಒರಟಾಗಿ ಬರೆಯುತ್ತಿದ್ದ. ಕೊನೆಗೆ ಅಚ್ಚುಕಟ್ಟಾದ ಪ್ರತಿ. ಒಂದೇ ಪಾಠ ಅವನ ಕೈಯಲ್ಲಿ ನಾಲ್ಕು ಸಲ ಹಾದುಹೋಗುತ್ತಿತ್ತು. ಅಷ್ಟು ಹೊತ್ತಿಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಅವನಿಗೇ ತಿಳಿದುಬಿಡುತ್ತಿತ್ತು. ಬರೆಯಲು ಹೋಗಿ ನಿಂತರೆ ಅಲ್ಲಿ ಅರ್ಥವಾಗಿಲ್ಲ ಎಂದೇ ಲೆಕ್ಕ.

ಇದು ಬೋರ್ಡಿನ ಮೇಲಿರುವುದನ್ನು ನಕಲು ಮಾಡಿಕೊಳ್ಳುವುದಲ್ಲ. ನೋಟ್ಸ್ ಜೆರಾಕ್ಸ್ ಮಾಡಿಸಿಕೊಳ್ಳುವುದಂತೂ ಅಲ್ಲವೇ ಅಲ್ಲ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹಾಳೆಗಟ್ಟಲೆ ಡಿಕ್ಟೇಟ್ ಮಾಡಿದ್ದೇನೆ. ಈ ಹುಡುಗನ ವಿಷಯ ಮೊದಲೇ ಓದಿದ್ದರೆ ಆ ಹೊತ್ತಿನಲ್ಲಿ ಅರ್ಧವನ್ನಾದರೂ ಮಕ್ಕಳಿಗೆ ತಮ್ಮ ಮಾತಿನಲ್ಲಿ ಬರೆಯಲು ಬಿಡುತ್ತಿದ್ದೆ.

ಪ್ರಯೋಗದ ಉಪಕರಣಗಳ ಚಿತ್ರವೂ ಬೇಕಿತ್ತು. ಅವನಿಗೆ ಚಿತ್ರ ಬರುತ್ತಿರಲಿಲ್ಲ. ರೀಬೋ ಮನೆಯಲ್ಲಿ ಮ್ಯಾಸ್ಕರಿಯರ್ ಎಂಬ ಚಿತ್ರಕಾರ ಬಾಡಿಗೆಗಿದ್ದರು. ಹುಡುಗ ಅವರ ಕೋಣೆಯ ಧೂಳು ಹೊಡೆದ, ಬೂಟಿಗೆ ಪಾಲಿಷ್ ಹಾಕಿದ. ಅವರು ಪುಸ್ತಕ ಕೊಟ್ಟು, ದೂರದ್ದು ಚಿಕ್ಕದಾಗಿ ಹತ್ತಿರದ್ದು ದೊಡ್ಡದಾಗಿ ಕಾಣುವ ಹಾಗೆ ಚಿತ್ರ ಬರೆಯುವುದನ್ನು ಕಲಿಸಿಕೊಟ್ಟರು. ಟೇಟಮ್ ಅವರ ಉಪನ್ಯಾಸಗಳು ಚಿತ್ರಸಮೇತ ನಾಲ್ಕು ಸಂಪುಟಗಳಾದವು. ಅವನೇ ಬೈಂಡ್ ಮಾಡಿ ಯಜಮಾನ ರೀಬೋ ಅವರಿಗೆ ಅರ್ಪಿಸಿದ. ವಿಜ್ಞಾನದಲ್ಲಿ ನನಗೆ ಗೊತ್ತಿರುವ ಅಷ್ಟಿಷ್ಟು ಹುಟ್ಟಿದ್ದೂ ಉಳಿದಿದ್ದೂ ನಿಮ್ಮಿಂದಲೇ, ಎಂದು ಬರೆದ.

ಅದಕ್ಕೇ ನನಗೆ 'ಶಾಲೆ ಕಲಿಯದೆ ತಾನಾಗಿ ಮೇಲೆ ಬಂದ ಫ್ಯಾರಡೆ' ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ಅವನು ತಾನಾಗಿ ಬರಲಿಲ್ಲ. ಹಣ ಕೇಳದ ಯಜಮಾನ, ಶಿಲ್ಲಿಂಗ್ ಕೊಟ್ಟ ಅಣ್ಣ, ಚಿತ್ರ ಕಲಿಸಿದ ಬಾಡಿಗೆದಾರ, ಹೆಸರು ಹಾಕಿಕೊಳ್ಳದೆ ಪುಸ್ತಕ ಬರೆದ ಹೆಂಗಸು, ಇವರೆಲ್ಲ ಅವನ ಮೇಷ್ಟ್ರುಗಳು. ಹುಡುಗ ಸಿಕ್ಕಿದ್ದನ್ನು ವ್ಯರ್ಥ ಮಾಡಲಿಲ್ಲ, ಅದು ಅವನ ದೊಡ್ಡತನ.

ಈ ಮಾತು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಅವರು ಗಣಿತ ಎಲ್ಲಿ ಕಲಿತರು?" ಒಳ್ಳೆಯ ಪ್ರಶ್ನೆ. ಕಲಿಯಲಿಲ್ಲ ಕಣಮ್ಮ. ಕಲಿಸುವವರು ಯಾರೂ ಸಿಗಲಿಲ್ಲ. ಆ ಕೊರತೆ ಜೀವಮಾನವಿಡೀ ಉಳಿಯಿತು. 1857ರಲ್ಲಿ ಮ್ಯಾಕ್ಸ್‌ವೆಲ್ ಎಂಬ ಯುವ ಗಣಿತಜ್ಞ ಫ್ಯಾರಡೆಯ ವಿಚಾರಗಳನ್ನು ಸಮೀಕರಣಗಳಲ್ಲಿ ಬರೆದು ಕಳಿಸಿದಾಗ, ಲೆಕ್ಕದಿಂದ ಬಂದ ತೀರ್ಮಾನಗಳನ್ನು ಸಾಮಾನ್ಯ ಭಾಷೆಯಲ್ಲೂ ಹೇಳಲು ಆಗುವುದಿಲ್ಲವೇ ಎಂದು ಫ್ಯಾರಡೆ ಪತ್ರ ಬರೆದು ಕೇಳಿದ. ಆಗ ಅವನಿಗೆ ಅರವತ್ತೈದು ದಾಟಿತ್ತು. ಜಗತ್ತೇ ಕೊಂಡಾಡುತ್ತಿದ್ದ ವಿಜ್ಞಾನಿ. ಹದಿಮೂರಕ್ಕೆ ಶಾಲೆ ಬಿಡಬೇಕಾಗಿ ಬಂದದ್ದು ಒಳ್ಳೆಯದೇ ಆಯಿತು ಎಂದು ಯಾರಾದರೂ ಹೇಳಿದರೆ ಈ ಪತ್ರ ನೆನಪಿಸಿಕೊಳ್ಳಿ.

ಮತ್ತೆ ಅಂಗಡಿಗೆ ಹೋಗೋಣ. ಟೇಟಮ್ ಮನೆಯಲ್ಲಿ ಸೇರುತ್ತಿದ್ದ ಹುಡುಗರಲ್ಲಿ ಬೆಂಜಮಿನ್ ಅಬಟ್ ಎಂಬ ಗುಮಾಸ್ತ ಗೆಳೆಯನಾದ. ವಾಟ್ಸ್ ಹೇಳಿದ್ದ ಪತ್ರ ವ್ಯವಹಾರ ಅವನ ಜೊತೆ ಶುರುವಾಯಿತು. ಮೊದಲ ಪತ್ರ 1812ರ ಜುಲೈನದು. ಅದರಲ್ಲಿ ಒಂದು ಬ್ಯಾಟರಿ ಮಾಡಿದ ಸಂಭ್ರಮ. "ನಾನು ಸ್ವಾಮಿ, ನಾನೇ ನನ್ನ ಕೈಯಾರೆ, ಅರ್ಧ ಪೆನ್ನಿಯಷ್ಟಗಲದ ಏಳು ಬಿಲ್ಲೆ ಕತ್ತರಿಸಿದೆ!" ಸತುವಿನ ಆ ಏಳು ಬಿಲ್ಲೆಗಳ ಜೊತೆ ಏಳು ತಾಮ್ರದ ಅರ್ಧ ಪೆನ್ನಿ ನಾಣ್ಯ. ನಡುನಡುವೆ ಉಪ್ಪುನೀರಲ್ಲಿ ನೆನೆಸಿದ ಆರು ಕಾಗದದ ತುಂಡು. ನಗಬೇಡ ಮಾರಾಯ, ಇಷ್ಟು ಚಿಕ್ಕದು ಏನು ಮಾಡಿತು ಕೇಳು, ಎನ್ನುತ್ತಾನೆ. ಮೆಗ್ನೀಷಿಯಂ ಸಲ್ಫೇಟನ್ನು ಒಡೆದು ಬೇರೆ ಮಾಡಿತಂತೆ! ಇಷ್ಟು ಶಕ್ತಿ ಇದಕ್ಕಿದೆ ಎಂದು ತನಗೆ ಊಹೆಯೇ ಇರಲಿಲ್ಲ ಎಂದು ಬರೆಯುತ್ತಾನೆ. ಇಪ್ಪತ್ತು ವರ್ಷದ ಯುವಕ ಕುಣಿದಾಡುತ್ತಿರುವುದು ಕಾಗದದ ಮೇಲೆ ಕಾಣುತ್ತದೆ.

ಅದಕ್ಕೂ ಕೆಲವು ತಿಂಗಳ ಮುಂಚೆ ದೊಡ್ಡದೊಂದು ಬಾಗಿಲು ಸ್ವಲ್ಪ ತೆರೆದಿತ್ತು. ರೀಬೋ ಅಂಗಡಿಯ ಗಿರಾಕಿ ವಿಲಿಯಂ ಡಾನ್ಸ್ ಎಂಬವರು ವಿಜ್ಞಾನದ ಪ್ರಯೋಗ, ಉಪನ್ಯಾಸ ನಡೆಸುವ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು. ಅಲ್ಲಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಹುಡುಗನಿಗೆ ಟಿಕೆಟ್ ಕೊಟ್ಟರು. ಸೋಡಿಯಂ, ಪೊಟ್ಯಾಷಿಯಂ ಬೇರ್ಪಡಿಸಿ ತೋರಿಸಿದ್ದ ಡೇವಿಯ ಮಾತು ಕೇಳಲು ಲಂಡನ್ನಿನ ಶ್ರೀಮಂತರು ಮುಗಿಬೀಳುತ್ತಿದ್ದ ಕಾಲ ಅದು. 1812ರ ಫೆಬ್ರುವರಿ 29ರಿಂದ ಏಪ್ರಿಲ್ 10ರವರೆಗೆ ನಾಲ್ಕು ದಿನ ಫ್ಯಾರಡೆ ಗ್ಯಾಲರಿಯಲ್ಲಿ, ಗಡಿಯಾರದ ಮೇಲಿನ ಜಾಗದಲ್ಲಿ ಕೂತ. ಮತ್ತೆ ಅದೇ ಟಿಪ್ಪಣಿಯ ಕ್ರಮ. ನಾಲ್ಕು ಉಪನ್ಯಾಸ ಬೆಳೆದು 386 ಪುಟವಾಯಿತು. ಅವನೇ ರಟ್ಟು ಕಟ್ಟಿದ.

ವಿಜ್ಞಾನದ ಯಾವುದಾದರೂ ಕೆಲಸ ಸಿಕ್ಕರೆ ಸಾಕು ಎಂದು ಅವನು ದೊಡ್ಡ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೇ ಪತ್ರ ಬರೆದ. ಕೆಲವು ದಿನ ಬಿಟ್ಟು ಬಾಗಿಲಿಗೆ ಹೋಗಿ ವಿಚಾರಿಸಿದ. ಆ ಪತ್ರಕ್ಕೆ ಉತ್ತರ ಬೇಕಿಲ್ಲ ಎಂದು ಹೇಳಿ ಕಳಿಸಿದರು. ಅಷ್ಟೇ.

1812ರ ಅಕ್ಟೋಬರಿಗೆ ಏಳು ವರ್ಷ ಮುಗಿಯಿತು. ಡಿ ಲಾ ರೋಷ್ ಎಂಬ ಇನ್ನೊಬ್ಬ ಬೈಂಡರ್ ಹತ್ತಿರ ಸಂಬಳಕ್ಕೆ ಸೇರಿದ. ಆತನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೂ, ನನಗೆ ಮಕ್ಕಳಿಲ್ಲ, ನೀನು ನನ್ನ ಜೊತೆಗೇ ಇದ್ದರೆ ಎಲ್ಲ ನಿನಗೇ ಬಿಟ್ಟುಹೋಗುತ್ತೇನೆ ಎಂದಿದ್ದನಂತೆ. ಅಪ್ಪ ಇಲ್ಲದ ಮನೆಯ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಷ್ಟರಲ್ಲಿ ಡೇವಿಗೆ ಒಂದು ಪ್ರಯೋಗ ಸಿಡಿದು ಕಣ್ಣಿಗೆ ಏಟಾಯಿತು. ಬರೆದುಕೊಡಲು ಒಬ್ಬರು ಬೇಕಾದರು. ಕೆಲವೇ ದಿನ ಆ ಕೆಲಸ ಫ್ಯಾರಡೆಗೆ ಸಿಕ್ಕಿತು. ಡಿಸೆಂಬರಿನಲ್ಲಿ ಅವನು ತನ್ನ 386 ಪುಟದ ಪುಸ್ತಕವನ್ನು ಡೇವಿಗೆ ಕಳಿಸಿ ಕೆಲಸ ಕೇಳಿದ.

ಡೇವಿಯೂ ಬಡತನದಿಂದ ಬಂದವರು. ಮರದ ಕೆತ್ತನೆ ಮಾಡುವವರ ಮಗ, ಔಷಧಿ ಅಂಗಡಿಯಲ್ಲಿ ಕೆಲಸ ಕಲಿತವರು. ಡಿಸೆಂಬರ್ 24ರಂದೇ ಉತ್ತರ ಬರೆದರು. ನಿಮ್ಮ ಉತ್ಸಾಹ, ನೆನಪಿನ ಶಕ್ತಿ, ಗಮನ ಇದರಲ್ಲಿ ಕಾಣುತ್ತದೆ, ಊರಿಂದ ಬಂದ ಮೇಲೆ ಜನವರಿ ಕೊನೆಗೆ ನೋಡುತ್ತೇನೆ, ಎಂದರು. ನೋಡಿದಾಗ ಹೇಳಿದ್ದು ಮಾತ್ರ ಬುದ್ಧಿಮಾತು: ಬೈಂಡಿಂಗ್ ಕೆಲಸ ಬಿಡಬೇಡ, ವಿಜ್ಞಾನ ಹೊಟ್ಟೆ ತುಂಬಿಸುವುದಿಲ್ಲ. ನಮ್ಮ ಸಂಸ್ಥೆಯ ಪುಸ್ತಕಗಳ ಬೈಂಡಿಂಗ್ ನಿನಗೇ ಕೊಡಿಸುತ್ತೇನೆ, ಎಂದೂ ಹೇಳಿದರು.

ಕೆಲವೇ ವಾರಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದ ಸಹಾಯಕ ಅಲ್ಲಿನ ಉಪಕರಣ ಮಾಡುವವರ ಮೇಲೆ ಕೈ ಮಾಡಿ ಕೆಲಸ ಕಳೆದುಕೊಂಡ. ಒಂದು ರಾತ್ರಿ ಫ್ಯಾರಡೆ ಮಲಗಲು ಬಟ್ಟೆ ಬದಲಿಸುತ್ತಿದ್ದ. ಬೀದಿಯಲ್ಲಿ ಸಾರೋಟು ನಿಂತ ಸದ್ದು. ಬಾಗಿಲು ಜೋರಾಗಿ ತಟ್ಟಿದರು. ಡೇವಿಯ ಆಳು ಒಂದು ಚೀಟಿ ತಂದಿದ್ದ: ನಾಳೆ ಬೆಳಗ್ಗೆ ಬಂದು ಕಾಣುವುದು. 1813ರ ಮಾರ್ಚ್ 1ರಂದು ಸಂಸ್ಥೆಯ ವ್ಯವಸ್ಥಾಪಕರು ಒಪ್ಪಿಗೆ ಕೊಟ್ಟರು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ, ಕಲ್ಲಿದ್ದಲು ಮತ್ತು ಮೇಣದ ಬತ್ತಿ.

ಸೇರಿ ಒಂದು ವಾರವಾಗಿತ್ತು. ಮಾರ್ಚ್ 8ರಂದು ಗೆಳೆಯ ಅಬಟ್‌ಗೆ ಬರೆದ ಕಾಗದದಲ್ಲಿ ತಾನು ಮಾಡಿದ ಕೆಲಸ ತಿಳಿಸುತ್ತಾನೆ. ಬೀಟ್‌ರೂಟಿನಿಂದ ಸಕ್ಕರೆ ತೆಗೆದೆ. ಆಮೇಲೆ ಗಂಧಕ ಮತ್ತು ಇಂಗಾಲದ ಒಂದು ಸಂಯುಕ್ತ ತಯಾರಿಸಿದೆ, ಅದರ ಮೇಲೆ ಈಗ ರಸಾಯನಶಾಸ್ತ್ರಜ್ಞರೆಲ್ಲರ ಕಣ್ಣಿದೆ.